ಕಿರುಬೆರಳು ಮಾತ್ರ ಎಚ್ಚರವಾಗಿತ್ತು

ಮುನ್ನೂರು ಕಪ್ಪು ಟೀ-ಶರ್ಟ್, ಎದೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದಡಿ ಅಗಲದ ಚಿತ್ರ, ಎರಡು ದಿನದ ಗಡುವು. ಕೈಯಲ್ಲೇ ಸ್ಕ್ರೀನ್ ಪ್ರಿಂಟ್ ಮಾಡುವವರಿಗೆ ಇಷ್ಟು ಕೇಳಿದರೆ ಸಾಕು, ಭುಜ ತಾನಾಗಿಯೇ ಬಿಗಿಯುತ್ತದೆ. ಕಪ್ಪು ಬಟ್ಟೆಯ ಮೇಲೆ ಬಿಳಿ ಒಂದೇ ಸಲಕ್ಕೆ ಕೂರುವುದಿಲ್ಲ. ಮೊದಲು ಬೇಸ್, ಅಂದರೆ ಅಡಿಪದರ ಹೊಡೆಯಬೇಕು, ಫ್ಲ್ಯಾಶ್ ಹೀಟರ್ ಕೆಳಗಿಟ್ಟು ಮುಟ್ಟಿದರೆ ಅಂಟದ ಹದಕ್ಕೆ ತರಬೇಕು, ಅದರ ಮೇಲೆ ಇನ್ನೊಂದು ಸಲ ಹೊಡೆಯಬೇಕು. ಸ್ಕ್ರೀನ್ ಎಂದರೆ ಫ್ರೇಮಿಗೆ ಬಿಗಿದ ಮೆಶ್, ಅಂದರೆ ಸಣ್ಣ ಕಣ್ಣಿನ ಜಾಲರಿ. ಅದರ ಮೂಲಕ ಇಂಕನ್ನು ಬಟ್ಟೆಗೆ ಇಳಿಸುವ, ಮರದ ಹಿಡಿಯ ರಬ್ಬರ್ ಪಟ್ಟಿಯೇ ಸ್ಕ್ವೀಜಿ. ನಾನು ಪ್ರತಿ ಸಲವೂ ಅದನ್ನು ಮೂರು ಬಾರಿ ಎಳೆಯುತ್ತಿದ್ದೆ. ಒಂದು ಶರ್ಟಿಗೆ ಆರು ಎಳೆತ, ಮುನ್ನೂರಕ್ಕೆ 1800. ಸ್ಕ್ರೀನ್ ಎತ್ತಿ ಇಳಿಸಿದ್ದು, ಶರ್ಟ್ ತೊಡಿಸಿ ತೆಗೆದದ್ದು ಈ ಲೆಕ್ಕಕ್ಕೆ ಸೇರಿಲ್ಲ.

ಆ ಲೆಕ್ಕವನ್ನು ನಾನು ಆಗ ಹಾಕಿರಲಿಲ್ಲ. ಹಾಕಿದ್ದು ಕೆಲಸ ನಿಂತುಹೋದ ಮೇಲೆ, ಕೈಗೆ ಪಟ್ಟಿ ಕಟ್ಟಿಕೊಂಡು ಸುಮ್ಮನೆ ಕೂತಿದ್ದಾಗ.

ಎರಡನೇ ದಿನದ ರಾತ್ರಿ ಮೂರು ಗಂಟೆಯ ಹೊತ್ತಿಗೆ ಎಚ್ಚರವಾಯಿತು. ಬಲಗೈ ಇದ್ದ ಹಾಗೇ ಅನ್ನಿಸಲಿಲ್ಲ. ಕತ್ತಲಲ್ಲಿ ಎಡಗೈಯಿಂದ ಮುಟ್ಟಿದರೆ ಬೇರೆ ಯಾರದೋ ಕೈ ಮುಟ್ಟಿದಂತಿತ್ತು. ಸ್ವಲ್ಪ ಹೊತ್ತಿಗೆ ಜುಮುಜುಮು ಶುರುವಾಯಿತು, ಆಮೇಲೆ ಸೂಜಿ ಚುಚ್ಚಿದ ಹಾಗೆ ಉರಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಒಂದು ಮಗ್ಗುಲು. ಕಿರುಬೆರಳು ಮಾತ್ರ ಎಂದಿನಂತೆ ಇತ್ತು. ಹಾಸಿಗೆಯ ಮೇಲೆ ಎದ್ದು ಕೂತು ನೀರು ಕೊಡವುವ ಹಾಗೆ ಕೈ ಕೊಡವಿದೆ. ಹತ್ತು ನಿಮಿಷದಲ್ಲಿ ಜೀವ ಬಂತು. ಕೈ ಮೈಯಡಿಗೆ ಸಿಕ್ಕಿರಬೇಕು ಅಂದುಕೊಂಡು ಮತ್ತೆ ಮಲಗಿದೆ.

ಹೀಗೆ ಸುಮಾರು ಎರಡು ತಿಂಗಳು ನಡೆಯಿತು. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ ರಾತ್ರಿ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ತಡವಾಗತೊಡಗಿತು. ಇಂಕ್ ಡಬ್ಬಿಯ ಮುಚ್ಚಳ ತೆಗೆಯಲು ಯಾರನ್ನಾದರೂ ಕರೆಯಬೇಕಾಯಿತು. ಒಂದು ಸಲ ಇಂಕ್ ತುಂಬಿದ ಚಮಚೆ ಕೈಜಾರಿ ಮಡಿಸಿಟ್ಟ ಶರ್ಟುಗಳ ಮೇಲೆ ಬಿತ್ತು. ಆಗಲೂ ನಾನು ಇದನ್ನು ನೋವು ಅಂದುಕೊಳ್ಳಲಿಲ್ಲ, ಕೈ ಇನ್ನೂ ಪಳಗಬೇಕು ಅಂದುಕೊಂಡೆ. ಕೆಲಸ ಕಲಿಯುವಾಗ ಎಲ್ಲರಿಂದಲೂ ಕೇಳಿದ್ದು ಅದೇ: ಸ್ಕ್ವೀಜಿ ಹಿಡಿದವರ ಕೈ ನೋಯಲೇಬೇಕು, ನೊಂದು ನೊಂದೇ ಕೈ ಗಟ್ಟಿಯಾಗುವುದು. ಇದನ್ನು ಬರೆಯುತ್ತಿರುವುದೇ ಆ ಮಾತು ತಪ್ಪು ಎಂದು ಹೇಳಲು. ನನ್ನಂತೆ ಅದನ್ನು ನಂಬಿ ಕೈ ಸವೆಸುತ್ತಿರುವವರು ಇನ್ನೂ ಎಷ್ಟೋ ಜನ ಇದ್ದಾರೆ.

ನಾನು ಎಳೆಯುತ್ತಿದ್ದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಕ್ರೀನಿನ ಆಚೆ ತುದಿಯಲ್ಲಿ ಇಂಕ್ ಹಾಕಿ, ಸ್ಕ್ವೀಜಿಯ ಮರದ ಹಿಡಿಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದು, ಮೈ ಮುಂದಕ್ಕೆ ಚಾಚಿ, ಅಲ್ಲಿಂದ ಹೊಟ್ಟೆಯ ಕಡೆಗೆ ಎಳೆಯುವುದು. ಅಪಾಯ ಇದ್ದದ್ದು ಕೊನೆಯ ಒಂದು ಗೇಣಿನಲ್ಲಿ. ಸ್ಕ್ವೀಜಿ ಹೊಟ್ಟೆಯ ಹತ್ತಿರ ಬಂದಾಗ ಮೊಣಕೈಗಳು ರೆಕ್ಕೆ ಬಿಚ್ಚಿದಂತೆ ಪಕ್ಕಕ್ಕೆ ಏಳುತ್ತವೆ, ಭುಜ ಕಿವಿಯ ಕಡೆಗೆ ಹೋಗುತ್ತದೆ, ಮಣಿಕಟ್ಟು ಅಂಗೈಯ ಕಡೆಗೆ ಮಡಚಿಕೊಳ್ಳುತ್ತದೆ. ನಾನು ಹೆಚ್ಚು ಬಲ ಹಾಕುತ್ತಿದ್ದದ್ದೂ ಅಲ್ಲೇ. ಚಿತ್ರದ ಕೆಳಗಿನ ಅಂಚು ಫ್ರೇಮಿಗೆ ಹತ್ತಿರವಿತ್ತು. ಫ್ರೇಮಿನ ಪಕ್ಕದಲ್ಲಿ ಮೆಶ್ ಸುಲಭವಾಗಿ ಬಗ್ಗುವುದಿಲ್ಲ, ಹಾಗಾಗಿ ಬಿಳಿ ಅಲ್ಲಿ ಸರಿಯಾಗಿ ಇಳಿಯುತ್ತಿರಲಿಲ್ಲ. ಮಡಚಿದ ಮಣಿಕಟ್ಟಿನ ಮೇಲೆ ಮೈಭಾರವನ್ನೆಲ್ಲ ಹೇರಿ ಇಳಿಸುತ್ತಿದ್ದೆ.

ವೈದ್ಯರ ಬಳಿ ಹೋದಾಗ ಅವರು ಮೊದಲು ಕೇಳಿದ್ದು ಎಲ್ಲಿ ನೋವು ಎಂದಲ್ಲ. "ಏನು ಕೆಲಸ ಮಾಡ್ತೀರಿ? ಮಾಡಿ ತೋರಿಸಿ" ಅಂದರು. ಅವರ ಮೇಜಿನ ಮೇಲಿದ್ದ ಉದ್ದನೆಯ ಅಳತೆಪಟ್ಟಿಯನ್ನೇ ಸ್ಕ್ವೀಜಿ ಮಾಡಿಕೊಂಡು ಎಳೆದು ತೋರಿಸಿದೆ. ಕೆಲಸ ಯಾವುದೆಂದು ರೋಗಿಯನ್ನು ಕೇಳಬೇಕು ಎಂಬ ಮಾತಿಗೆ ಮುನ್ನೂರು ವರ್ಷಕ್ಕೂ ಮೀರಿದ ವಯಸ್ಸಾಗಿದೆ ಎಂದು ಆಮೇಲೆ ಓದಿ ತಿಳಿದೆ. 1700ರಲ್ಲಿ ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಾಜಿನಿ ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ ಬರೆಯುವಾಗ ಇದನ್ನೇ ಒತ್ತಿ ಹೇಳಿದ್ದ. ದಿನವಿಡೀ ಬರೆಯುವ ಗುಮಾಸ್ತರ ಕೈ ಸೋಲಲು ಒಂದು ಕಾರಣ, ಆ ಕೈ ಬಿಡುವಿಲ್ಲದೆ ಒಂದೇ ದಿಕ್ಕಿನಲ್ಲಿ ಆಡುತ್ತಿರುವುದು ಎಂದೂ ಅವನು ಗುರುತಿಸಿದ್ದ. ಒಂದೇ ದಿಕ್ಕಿನಲ್ಲಿ ಎಂಬುದನ್ನು ಓದಿದಾಗ ನನ್ನ ಟೇಬಲ್ ಕಣ್ಣ ಮುಂದೆ ಬಂತು.

ಆಮೇಲೆ ವೈದ್ಯರು ಒಂದು ಪರೀಕ್ಷೆ ಮಾಡಿಸಿದರು. ಎರಡೂ ಅಂಗೈಗಳ ಹಿಂಭಾಗವನ್ನು ಒಂದಕ್ಕೊಂದು ತಾಗಿಸಿ, ಬೆರಳು ಕೆಳಕ್ಕೆ ಮಾಡಿ, ಮೊಣಕೈ ಪಕ್ಕಕ್ಕೆತ್ತಿ, ಮಣಿಕಟ್ಟು ಪೂರ್ತಿ ಮಡಚಿಕೊಂಡು ಒಂದು ನಿಮಿಷ ಹಿಡಿಯಬೇಕು. ಕೈ ಶಸ್ತ್ರವೈದ್ಯರಾಗಿದ್ದ ಜಾರ್ಜ್ ಫೇಲನ್ ಅವರ ಹೆಸರಿನ ಪರೀಕ್ಷೆ ಅದು. ಇಪ್ಪತ್ತು ಸೆಕೆಂಡಿಗೇ ಬೆರಳು ಜುಮುಗುಟ್ಟತೊಡಗಿದವು. ನಾನು ಕೈಯನ್ನೇ ನೋಡುತ್ತಿದ್ದೆ. ಮೊಣಕೈ ರೆಕ್ಕೆಯಂತೆ ಎದ್ದು ಮಣಿಕಟ್ಟು ಒಳಕ್ಕೆ ಮಡಚಿದ ಆ ಭಂಗಿ ನನಗೆ ಹೊಸದಲ್ಲ. ಎಳೆತದ ಕೊನೆಯ ಗೇಣಿನಲ್ಲಿ ನಾನು ನಿಲ್ಲುತ್ತಿದ್ದದ್ದೇ ಹಾಗೆ. ರೋಗ ಇದೆಯೇ ಎಂದು ನೋಡಲು ವೈದ್ಯರು ಬೇಕೆಂದೇ ಕೆರಳಿಸುವ ಭಂಗಿಯನ್ನು, ಮೈಭಾರವನ್ನೂ ಸೇರಿಸಿ, ನಾನು ದಿನಕ್ಕೆ ನೂರಾರು ಸಲ ಮಾಡುತ್ತಿದ್ದೆ.

ಅವರು ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಮೂಳೆಗಳು ಕಮಾನಿನಂತೆ ಕೂತಿವೆ, ಕಮಾನಿನ ಬಾಯಿಗೆ ಅಡ್ಡಲಾಗಿ ಒಂದು ಗಟ್ಟಿ ಪಟ್ಟಿ ಬಿಗಿದಿದೆ. ಆ ಸುರಂಗದೊಳಗೆ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು, ಅವುಗಳ ಜೊತೆಗೆ ಒಂದು ನರ. ಮಣಿಕಟ್ಟು ಮಡಚಿದರೆ ಒಳಗೆ ಒತ್ತಡ ಏರುತ್ತದೆ, ಬೆರಳು ಬಿಗಿಹಿಡಿದರೆ ಇನ್ನೂ ಏರುತ್ತದೆ, ಅಲ್ಲಿರುವವುಗಳಲ್ಲಿ ಮೆತ್ತಗಿನದು ನರವಾದ್ದರಿಂದ ಅದೇ ಮೊದಲು ಸೊರಗುತ್ತದೆ. ಕಿರುಬೆರಳಿನ ನರ ಈ ಸುರಂಗದೊಳಗೆ ಹಾಯುವುದಿಲ್ಲ, ಹೊರಗಿನಿಂದ ಹೋಗುತ್ತದೆ. ರಾತ್ರಿ ಅದೊಂದು ಬೆರಳು ಎಚ್ಚರವಾಗಿದ್ದದ್ದು ಅದಕ್ಕೆ. ಕಾರ್ಪಲ್ ಟನೆಲ್ ಎನ್ನುವುದು ಇದನ್ನೇ.

ಅವರು ತೋರಿಸಿದ ಇನ್ನೊಂದು ವಿಷಯವನ್ನು ಓದುತ್ತಿರುವವರೂ ಈಗಲೇ ಮಾಡಿ ನೋಡಬಹುದು. ಮಣಿಕಟ್ಟನ್ನು ಅಂಗೈ ಕಡೆಗೆ ಪೂರ್ತಿ ಮಡಚಿಕೊಂಡು ಮುಷ್ಟಿ ಬಿಗಿಯಿರಿ. ಬಿಗಿಯಾಗುವುದಿಲ್ಲ. ಈಗ ಮಣಿಕಟ್ಟನ್ನು ನೆಟ್ಟಗೆ ಮಾಡಿ, ತುಸು ಹಿಂದಕ್ಕೆ ಬಾಗಿಸಿ ಬಿಗಿಯಿರಿ. ಅದೇ ಕೈ, ಅದೇ ಸ್ನಾಯು, ಹಿಡಿತ ಮಾತ್ರ ಬೇರೆ. ನಾನು ಕೈಯ ಬಲ ಅತಿ ಕಡಿಮೆ ಇರುವ ಜಾಗದಲ್ಲಿ ಅತಿ ಹೆಚ್ಚು ಬಲ ಕೇಳುತ್ತಿದ್ದೆ.

ನರದ ವೇಗ ಅಳೆಯುವ ಪರೀಕ್ಷೆಯೂ ಆಯಿತು. ಚಿಕ್ಕ ಚಿಕ್ಕ ಶಾಕ್ ಕೊಡುತ್ತಾರೆ, ಹೆದರುವಂಥದ್ದಲ್ಲ. ತೊಂದರೆ ಇನ್ನೂ ಮೊದಲ ಹಂತದಲ್ಲಿತ್ತು. ರಾತ್ರಿ ಮಲಗುವಾಗ ಮಣಿಕಟ್ಟನ್ನು ನೆಟ್ಟಗಿಡುವ ಪಟ್ಟಿ, ಆರು ವಾರ. ಸ್ಕ್ವೀಜಿ ಮುಟ್ಟದೆ ಮೂರು ವಾರ. ಆಮೇಲೆ ಕೆಲಸದ ರೀತಿ ಬದಲಾಗಬೇಕು, ಇಲ್ಲದಿದ್ದರೆ ಹೆಬ್ಬೆರಳ ಬುಡದ ಮಾಂಸ ಕರಗಲು ಶುರುವಾಗುತ್ತದೆ, ಆಗ ಮಾತು ಶಸ್ತ್ರಚಿಕಿತ್ಸೆಯ ಕಡೆಗೆ ಹೋಗುತ್ತದೆ ಅಂದರು.

ಆ ಮೂರು ವಾರ ನಾನು ಮನೆಯಲ್ಲಿ ಕೂರಲಿಲ್ಲ. ನನಗಿಂತ ಎಷ್ಟೋ ವರ್ಷ ಮೊದಲಿನಿಂದ ಪ್ರಿಂಟ್ ಮಾಡುತ್ತಿದ್ದ ಒಬ್ಬ ಅಕ್ಕನ ಟೇಬಲ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಅವರು ನನ್ನ ಭುಜದೆತ್ತರ, ಸಣ್ಣ ಮೈಕಟ್ಟು. ಬಲದಿಂದಲೇ ಆಗುವ ಕೆಲಸವಾಗಿದ್ದರೆ ಅವರು ಯಾವಾಗಲೋ ಬಿಟ್ಟುಬಿಡಬೇಕಿತ್ತು.

ಮೊದಲ ದಿನ ಅವರಿಗೆ ನಾನು ಪ್ರಿಂಟ್ ಮಾಡಿದ ಒಂದು ಶರ್ಟ್ ಕೊಟ್ಟೆ. ಎದೆಯ ಮೇಲಿನ ಚಿತ್ರವನ್ನು ಅವರು ನೋಡಲೇ ಇಲ್ಲ. ಶರ್ಟನ್ನು ಒಳಹೊರಗು ಮಾಡಿ ಒಳಭಾಗವನ್ನು ಬೆಳಕಿಗೆ ಹಿಡಿದರು. ಅಲ್ಲೆಲ್ಲ ಬಿಳಿ ಚುಕ್ಕೆಗಳು ತೇಲಿದ್ದವು.

"ನೋಡು, ನೀನು ಇಂಕನ್ನ ಬಟ್ಟೆಯೊಳಗೆ ತುರುಕಿದ್ದೀಯ" ಅಂದರು. "ಬಿಳಿ ಬಟ್ಟೆ ಮೇಲೆ ಕೂರಬೇಕು. ಒಳಗೆ ಹೋದ ಇಂಕ್ ಯಾರಿಗೂ ಕಾಣಲ್ಲ. ಅದಕ್ಕೇ ನಿಂಗೆ ಮೂರು ಮೂರು ಸಲ ಎಳೆದರೂ ಸಾಲದು."

"ಒತ್ತದೇ ಹೋದ್ರೆ ಇಳಿಯೋದೇ ಇಲ್ಲವಲ್ಲ ಅಕ್ಕಾ?"

"ಯಾಕೆ ಇಳಿಯಲ್ಲ ಅಂತ ಸ್ಕ್ರೀನನ್ನ ಕೇಳು. ಕೈಯನ್ನ ಯಾಕೆ ಕೇಳ್ತೀಯ?"

ಅವತ್ತಿನಿಂದ ನಾನು ಸ್ಕ್ರೀನನ್ನು ಕೇಳಲು ಶುರು ಮಾಡಿದೆ. ಒಂದೊಂದಾಗಿ ಉತ್ತರ ಸಿಕ್ಕವು, ಒಂದೊಂದೂ ನನ್ನ ಮಣಿಕಟ್ಟಿನ ಮೇಲೆ ಕೂತಿದ್ದ ಭಾರವೇ.

ನನ್ನ ಮರದ ಫ್ರೇಮಿನ ಮೆಶ್ ಸಡಿಲವಾಗಿತ್ತು. ಮೆಶ್ಶಿನ ಬಿಗಿ ಅಳೆಯುವ ಅಕ್ಕನ ಟೆನ್ಷನ್ ಮೀಟರ್ ಇಟ್ಟು ನೋಡಿದರೆ ಸೆಂಟಿಮೀಟರಿಗೆ 11 ನ್ಯೂಟನ್. ಅವರ ಅಲ್ಯುಮಿನಿಯಂ ಫ್ರೇಮಿನದು 24. ಸಡಿಲ ಮೆಶ್ ಸ್ಕ್ವೀಜಿ ದಾಟಿದ ತಕ್ಷಣ ಬಟ್ಟೆಯಿಂದ ಬಿಟ್ಟು ಮೇಲೇಳುವುದಿಲ್ಲ, ಇಂಕಿಗೆ ಅಂಟಿಕೊಂಡೇ ಇರುತ್ತದೆ. ಅಂಟಬಾರದು ಎಂದು ನಾನು ಸ್ಕ್ರೀನಿಗೂ ಬಟ್ಟೆಗೂ ನಡುವಿನ ಅಂತರವನ್ನು ಹೆಚ್ಚಿಸುತ್ತಾ ಹೋಗಿ ಐದಾರು ಮಿಲಿಮೀಟರಿಗೆ ತಂದಿಟ್ಟಿದ್ದೆ. ಎಂದರೆ ಇಂಕ್ ಬಟ್ಟೆಗೆ ತಾಗುವ ಮೊದಲೇ, ಮೆಶ್ಶನ್ನು ಅಷ್ಟು ಕೆಳಗೆ ಬಗ್ಗಿಸಲು ಪ್ರತಿ ಎಳೆತದಲ್ಲೂ ನನ್ನ ಬಲ ಸುರಿದುಹೋಗುತ್ತಿತ್ತು. ಬಿಗಿ ಮೆಶ್ ಇದ್ದರೆ ಎರಡು ಮಿಲಿಮೀಟರ್ ಅಂತರ ಸಾಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಮೆಶ್ಶಿನ ಜ್ವರಕ್ಕೆ ನಾನು ಬರೆ ಹಾಕಿದ್ದು ಕೈಗೆ.

ಸ್ಕ್ವೀಜಿಯ ರಬ್ಬರ್ ಇನ್ನೊಂದು. ರಬ್ಬರ್ ಎಂದೇ ನಾವು ಕರೆದರೂ ಅದು ಪಾಲಿಯುರೆಥೇನ್. ಗಡಸುತನವನ್ನು ಶೋರ್ ಎ ಅಳತೆಯಲ್ಲಿ ಹೇಳುತ್ತಾರೆ: 60 ಮೆದು, 70 ಮಧ್ಯಮ, 80 ಗಡಸು. ನನ್ನದು 60. ಅದರ ಅಂಚಿನ ಮೇಲೆ ಹೆಬ್ಬೆರಳ ಉಗುರು ಆಡಿಸಿ ನೋಡು ಅಂದರು ಅಕ್ಕ. ಅವರ ಸ್ಕ್ವೀಜಿಯ ಅಂಚು ಉಗುರನ್ನು ಕೆರೆಯಿತು. ನನ್ನದರ ಮೇಲೆ ಉಗುರು ಸುಮ್ಮನೆ ಜಾರಿತು. ಚೌಕವಾಗಿರಬೇಕಿದ್ದ ಅಂಚು ತೊಳೆಯುವ ಸಾಲ್ವೆಂಟಿನಲ್ಲಿ ಉಬ್ಬಿ, ಸವೆದು, ಗುಂಡಾಗಿಹೋಗಿತ್ತು. ಮೆಶ್ಶಿನ ಕಣ್ಣಿನಲ್ಲಿರುವ ಇಂಕನ್ನು ಕತ್ತರಿಸಿ ಬಿಡಬೇಕಾದದ್ದು ಅಂಚು. ಗುಂಡು ಅಂಚು ಕತ್ತರಿಸುವುದಿಲ್ಲ, ಒತ್ತುತ್ತದೆ. ಮೆದು ರಬ್ಬರಿನ ಮೇಲೆ ಹೆಚ್ಚು ಒತ್ತಿದರೆ ಅದು ಬಗ್ಗಿ ಮಲಗುತ್ತದೆ, ಆಗ ನಾವು ಹಿಡಿದ ಕೋನ ಒಂದು, ಮೆಶ್ಶಿಗೆ ತಾಗುವ ಕೋನ ಇನ್ನೊಂದು. ಮಲಗಿದ ರಬ್ಬರ್ ಬೇಕಾದ್ದಕ್ಕಿಂತ ಹೆಚ್ಚು ಇಂಕನ್ನು ಒಳಕ್ಕೆ ನೂಕುತ್ತದೆ. ಶರ್ಟಿನ ಒಳಗಿನ ಬಿಳಿ ಚುಕ್ಕೆಗಳು ಬಂದದ್ದು ಹೀಗೆ.

ಅಗಲವೂ ತಪ್ಪಿತ್ತು. ಚಿತ್ರದ ಅಗಲ 30 ಸೆಂಟಿಮೀಟರ್, ನನ್ನ ಸ್ಕ್ವೀಜಿ 42. ಎರಡೂ ಪಕ್ಕಕ್ಕೆ ಎರಡೂವರೆ ಮೂರು ಸೆಂಟಿಮೀಟರ್ ಹೆಚ್ಚಿದ್ದರೆ ಸಾಕು, ಅಂದರೆ 36. ಒಂದೇ ಒತ್ತಡ ಬರಬೇಕಾದರೆ ಉದ್ದ ಹೆಚ್ಚಿದಷ್ಟೂ ಬಲ ಹೆಚ್ಚಬೇಕು. ಬರೀ ಸ್ಕ್ವೀಜಿ ಬದಲಾಯಿಸಿದ್ದಕ್ಕೇ ಏಳರಲ್ಲಿ ಒಂದು ಪಾಲು ಭಾರ ಇಳಿಯಿತು. ಉದ್ದ ಸ್ಕ್ವೀಜಿಯ ತುದಿಗಳು ಫ್ರೇಮಿನ ಹತ್ತಿರದ ಬಿರುಸು ಮೆಶ್ಶಿನೊಡನೆ ಗುದ್ದಾಡುವುದೂ ತಪ್ಪಿತು.

ಬಿಳಿ ಇಂಕಿನ ಬಗ್ಗೆ ಎಷ್ಟು ಬರೆದರೂ ಸಾಲದು. ಬಿಳಿ ಮುಚ್ಚಬೇಕಾದರೆ ಅದರಲ್ಲಿ ಟೈಟೇನಿಯಂ ಡೈಆಕ್ಸೈಡ್ ತುಂಬಿರಬೇಕು, ಹಾಗಾಗಿ ಬೇರೆ ಬಣ್ಣಗಳಿಗಿಂತ ಅದು ಮಂದ. ನಾನು ಡಬ್ಬಿ ತೆರೆದು, ಮೇಲಿಂದ ಎರಡು ಚಮಚೆ ತೆಗೆದು ಸ್ಕ್ರೀನಿಗೆ ಹಾಕಿಬಿಡುತ್ತಿದ್ದೆ. ಅಕ್ಕ ಹಾಗೆ ಮಾಡುವುದಿಲ್ಲ. ಡಬ್ಬಿಯನ್ನು ತೊಡೆಗಳ ನಡುವೆ ಇಟ್ಟುಕೊಂಡು, ಅಗಲ ಚಮಚೆಯಿಂದ ತಳದವರೆಗೂ ತಿರುವುತ್ತಾರೆ, ಎರಡು ಮೂರು ನಿಮಿಷ, ಯಾವ ಅವಸರವೂ ಇಲ್ಲದೆ. ಮೊದಲು ಚಮಚೆ ಎತ್ತಿದರೆ ಇಂಕ್ ಗಡ್ಡೆಯಾಗಿ ಅಂಟಿಕೊಂಡಿರುತ್ತದೆ. ತಿರುವಿದ ಮೇಲೆ ಎತ್ತಿದರೆ ಪಟ್ಟಿಯಾಗಿ ಇಳಿದು, ಕೆಳಗೆ ಮಡಿಕೆ ಮಡಿಕೆಯಾಗಿ ಬಿದ್ದು, ನಿಧಾನಕ್ಕೆ ಮಟ್ಟಸವಾಗುತ್ತದೆ. ಕಲಕಿದಾಗ ಸಡಿಲವಾಗಿ, ಬಿಟ್ಟರೆ ಮತ್ತೆ ಬಿಗಿಯುವ ಗುಣ ಪ್ಲಾಸ್ಟಿಸಾಲ್ ಎಂಬ ಈ ಬಗೆಯ ಇಂಕಿಗೆ ಇದೆ. ಚಳಿಯ ಬೆಳಿಗ್ಗೆ ಇನ್ನೂ ಬಿಗಿಯಾಗಿರುತ್ತದೆ. ಆ ಮೂರು ನಿಮಿಷ ತಿರುವದೇ ಹೋದರೆ, ತಿರುವುವ ಕೆಲಸವನ್ನು ಮೊದಲ ಐವತ್ತು ಶರ್ಟುಗಳ ಮೇಲೆ ಸ್ಕ್ವೀಜಿಯಿಂದ ಮಾಡಬೇಕಾಗುತ್ತದೆ. ತೆಳು ಮಾಡುವ ದ್ರಾವಣ ಸುರಿದು ಕೆಲಸ ಸುಲಭ ಮಾಡಿಕೊಳ್ಳುವವರಿದ್ದಾರೆ. ಡಬ್ಬಿಯ ಮೇಲೆ ಹೇಳಿದ ಪ್ರಮಾಣ ಮೀರಿದರೆ ಬಿಳಿ ಮುಚ್ಚುವುದಿಲ್ಲ, ಹೀಟರಿನಲ್ಲಿ ಸರಿಯಾಗಿ ಬೇಯುವುದೂ ಇಲ್ಲ, ಒಗೆದಾಗ ಬಿರುಕು ಬಿಡುತ್ತದೆ. ನಾನು ಅದರ ಹತ್ತಿರ ಹೋಗುವುದಿಲ್ಲ.

ಮೆಶ್ ಕೂಡ ಬದಲಾಯಿತು. ಇಂಚಿಗೆ 230 ಎಳೆಯ ಸಣ್ಣ ಕಣ್ಣಿನ ಮೆಶ್ಶಿನಲ್ಲಿ ಆ ಮಂದ ಬಿಳಿಯನ್ನು ನಾನು ಹಾಯಿಸುತ್ತಿದ್ದೆ. ಚಿತ್ರದಲ್ಲಿ ಅಷ್ಟು ನವಿರು ಗೆರೆಗಳೇ ಇರಲಿಲ್ಲ, 156 ಸಾಕಾಗಿತ್ತು.

ಇಷ್ಟೆಲ್ಲ ಸರಿಮಾಡಿದ ಮೇಲೆ ಅಕ್ಕ ಹಿಡಿತಕ್ಕೆ ಬಂದರು. ಅವರು ಎಳೆಯುವುದಿಲ್ಲ, ನೂಕುತ್ತಾರೆ. ಸ್ಕ್ರೀನನ್ನು ಬಟ್ಟೆಯಿಂದ ಒಂದಿಷ್ಟು ಎತ್ತಿ ಹಿಡಿದು, ಸ್ಕ್ವೀಜಿಯನ್ನು ತಮ್ಮ ಕಡೆಗೆ ಹಗುರವಾಗಿ ತಂದು, ಇಂಕನ್ನು ಮೆಶ್ಶಿನ ಮೇಲೆ ಹರಡುತ್ತಾರೆ. ಇದು ಫ್ಲಡ್. ಮೆಶ್ಶಿನ ಕಣ್ಣೆಲ್ಲ ಇಂಕಿನಿಂದ ತುಂಬುತ್ತದೆ, ಬಟ್ಟೆಗೆ ಏನೂ ತಾಗುವುದಿಲ್ಲ. ಆಮೇಲೆ ಸ್ಕ್ರೀನ್ ಇಳಿಸಿ, ಸ್ಕ್ವೀಜಿಯ ಹಿಂದೆ ಅಂಗೈಯ ಬುಡ ಇಟ್ಟು, ತಮ್ಮಿಂದ ಆಚೆಗೆ ನೂಕುತ್ತಾರೆ. ಒಂದೇ ಸಲ. ನಾನು ಫ್ಲಡ್ ಅನ್ನು ದಂಡದ ಕೆಲಸ ಎಂದು ಬಿಟ್ಟುಬಿಟ್ಟಿದ್ದೆ. ಕಣ್ಣು ತುಂಬದೆ ಎಳೆದರೆ ತುಂಬುವುದು, ಇಳಿಸುವುದು ಎರಡನ್ನೂ ಒಂದೇ ಎಳೆತ ಮಾಡಬೇಕು, ಅದಕ್ಕೇ ನನಗೆ ಮೂರು ಬೇಕಾಗುತ್ತಿದ್ದದ್ದು. ತುಂಬಿದ ಕಣ್ಣಿನಲ್ಲಿ ಸ್ಕ್ವೀಜಿಗೆ ಉಳಿಯುವುದು ಕತ್ತರಿಸುವ ಕೆಲಸವೊಂದೇ.

ಅವರು ನೂಕುವಾಗ ಮಣಿಕಟ್ಟನ್ನು ನೋಡಬೇಕು. ಮುಂದೋಳಿನ ಗೆರೆ ಮಣಿಕಟ್ಟು ದಾಟಿ ನೇರ ಅಂಗೈಗೆ ಹೋಗುತ್ತದೆ, ಎಲ್ಲೂ ಮುರಿಯುವುದಿಲ್ಲ. ಮೊಣಕೈ ಪಕ್ಕೆಲುಬಿಗೆ ಹತ್ತಿರ. ಒಂದು ಕಾಲು ಮುಂದೆ, ಒಂದು ಹಿಂದೆ. ನೂಕುವುದು ಕೈಯಲ್ಲ, ಹಿಂದಿನ ಪಾದ. ಹಿಮ್ಮಡಿಯಿಂದ ಹೊರಟ ಬಲ ಸೊಂಟಕ್ಕೆ ಬಂದು, ಅಲ್ಲಿಂದ ಭುಜಕ್ಕೆ, ಅಲ್ಲಿಂದ ಸ್ಕ್ವೀಜಿಗೆ. ಕೈ ಬರೀ ದಾರಿ. ಸ್ಕ್ವೀಜಿ ಸುಮಾರು 75 ಡಿಗ್ರಿಯಲ್ಲಿ, ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಮೆಶ್ ಸ್ಕ್ವೀಜಿಯ ಹಿಂದಿನಿಂದ ಒಂದು ಗೆರೆಯಾಗಿ ಬಟ್ಟೆ ಬಿಟ್ಟು ಏಳುತ್ತಾ ಬರುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಸಣ್ಣಗೆ ಸರ್ ಎಂದು ಕೇಳುತ್ತದೆ. ಆ ಸದ್ದು ಎಲ್ಲಾದರೂ ತಡವರಿಸಿದರೆ ಅಕ್ಕ ತಲೆ ಎತ್ತುತ್ತಾರೆ.

"ಎಷ್ಟು ಒತ್ತಬೇಕು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ.

"ನೂಕಿದ ಮೇಲೆ ಮೆಶ್ಶಿನಲ್ಲಿ ಬಗ್ಗಿ ನೋಡು. ಒರೆಸಿಟ್ಟ ಕಿಟಕಿ ಥರ ಇರಬೇಕು, ಕೆಳಗಿನ ಬಟ್ಟೆ ಕಾಣಬೇಕು. ಕಂಡ್ರೆ ಮುಗೀತು. ಅದರ ಮೇಲೆ ಹಾಕಿದ್ದೆಲ್ಲ ನಿನ್ನ ಕೈಗೇ ವಾಪಸ್ ಬರುತ್ತೆ."

ಮೂರು ವಾರ ಮುಗಿದ ಮೇಲೆ ಹಳೆ ಬಟ್ಟೆಯ ಮೇಲೆ ಇದನ್ನು ಮಾಡಿದೆ. ಮೊದಲ ನೂಕು ಬೇಕೆಂದೇ ತೀರಾ ಹಗುರ, ಆಮೇಲೆ ಒಂದೊಂದಕ್ಕೂ ತುಸು ತುಸು ಹೆಚ್ಚು. ನಾಲ್ಕನೆಯದಕ್ಕೆ ಮೆಶ್ ತಿಳಿಯಾಯಿತು. ನಂಬಿಕೆಯಾಗಲಿಲ್ಲ. ತೂಕ ನೋಡುವ ಯಂತ್ರವನ್ನು ಟೇಬಲ್ ಮೇಲಿಟ್ಟು, ಸ್ಕ್ವೀಜಿಯನ್ನು ಅದರ ಮೇಲೆ ಮೊದಲು ಆ ನಾಲ್ಕನೇ ನೂಕಿನಷ್ಟು ಒತ್ತಿದೆ, ಆಮೇಲೆ ನನ್ನ ಹಳೆಯ ಅಭ್ಯಾಸದಷ್ಟು. ಮುಳ್ಳು ಎರಡರಷ್ಟನ್ನೂ ದಾಟಿಹೋಯಿತು. ಆ ಮುಳ್ಳನ್ನು ನೋಡುತ್ತಾ ನಿಂತಾಗ ನನಗೆ ನಿಜಕ್ಕೂ ದುಃಖವಾಯಿತು. ಇಷ್ಟು ವರ್ಷ ಯಾರೂ ಕೇಳದ ಬಲವನ್ನು ಸುರಿದಿದ್ದೆ. ಅದು ಹೋಗಿದ್ದು ಬಟ್ಟೆಯ ಒಳಮಗ್ಗುಲಿಗೆ.

ನೂಕಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರ ಮಾತನ್ನೂ ಪೂರ್ತಿ ಒಪ್ಪಬೇಡಿ. ನೂಕಲು ಶುರುಮಾಡಿದ ಎರಡನೇ ವಾರ ನನಗೆ ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ಪಕ್ಕಕ್ಕೆ ಹೊಸ ನೋವು ಶುರುವಾಯಿತು. ಬಾಗಿಲ ಚಿಲಕ ತಿರುಗಿಸಿದರೆ ಮಿಂಚು ಹೊಡೆದಂತೆ. ಮತ್ತೆ ಅದೇ ವೈದ್ಯರು, ಇನ್ನೊಂದು ಪರೀಕ್ಷೆ: ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದು ಕೈಯನ್ನು ಕಿರುಬೆರಳ ಕಡೆಗೆ ಬಾಗಿಸುವುದು. ಕೂಗಿಕೊಂಡೆ. ಹೆಬ್ಬೆರಳನ್ನು ಹಿಂದಕ್ಕೆ ಎಳೆಯುವ ಎರಡು ಸ್ನಾಯುರಜ್ಜುಗಳು ಒಂದೇ ಕೊಳವೆಯಲ್ಲಿ ಹಾಯುತ್ತವೆ, ಆ ಕೊಳವೆ ದಪ್ಪಗಾಗಿ ಬಿಗಿದಿತ್ತು. 1895ರಲ್ಲಿ ಸ್ವಿಸ್ ಶಸ್ತ್ರವೈದ್ಯ ಡಿ ಕರ್ವೇನ್ ವಿವರಿಸಿದ ತೊಂದರೆ, ಅವನ ಹೆಸರಲ್ಲೇ ಇದೆ.

ಕಾರಣ ಹುಡುಕಲು ಈ ಸಲ ತಡವಾಗಲಿಲ್ಲ. ನಾನು ನೂಕುತ್ತಿದ್ದದ್ದು ಅಂಗೈಯ ಬುಡದಿಂದಲ್ಲ, ಹಿಡಿಯ ಹಿಂದೆ ನಿಲ್ಲಿಸಿದ ಎರಡು ಹೆಬ್ಬೆರಳುಗಳಿಂದ. ನನ್ನ ಹಿಡಿ ತೆಳ್ಳಗಿತ್ತು, ಅಂಗೈ ಊರಲು ಜಾಗವೇ ಇರಲಿಲ್ಲ. ಹಿಡಿಯ ಹಿಂಬದಿಗೆ ದಪ್ಪ ಫೋಮ್ ಸುತ್ತಿ ಟೇಪ್ ಹಾಕಿ, ಹಿಡಿತ ಅಂಗೈ ತುಂಬುವ ಹಾಗೆ ಮಾಡಿಕೊಂಡೆ. ಹೆಬ್ಬೆರಳುಗಳು ಈಗ ಹಿಡಿಯ ಮೇಲೆ, ಬೆರಳುಗಳ ಜೊತೆಗೇ ಮಲಗಿರುತ್ತವೆ. ನೋವು ಹೋಗಲು ಒಂದು ತಿಂಗಳು ಹಿಡಿಯಿತು. ನಡುವೆ ಮನಸ್ಸು ಸೋತು, ಎಳೆತಕ್ಕೇ ವಾಪಸ್ ಹೋಗಲೇ ಎಂದು ಎರಡು ದಿನ ಯೋಚಿಸಿದ್ದೂ ಉಂಟು.

ಟೇಬಲ್ ಎತ್ತರದ ವಿಷಯ ಅಕ್ಕನಿಗೂ ಹೊಳೆದಿರಲಿಲ್ಲ, ವೈದ್ಯರು ಹೇಳಿದ್ದು. ಬಲ ಹಾಕಿ ಒತ್ತುವ ಕೆಲಸ ಮೊಣಕೈಗಿಂತ ಚೆನ್ನಾಗಿ ಕೆಳಗಿರಬೇಕು, ನಿಂತಾಗ ಒಂದು ಗೇಣಿನಷ್ಟಾದರೂ. ನನ್ನದು ಮೊಣಕೈಗೆ ಸಮವಾಗಿತ್ತು, ಅದಕ್ಕೇ ಭುಜ ಏಳುತ್ತಿದ್ದದ್ದು. ಟೇಬಲ್ಲಿನ ಕಾಲು ಕತ್ತರಿಸಲು ಆಗುವುದಿಲ್ಲ, ಹಾಗಾಗಿ ನಾನು ನಿಲ್ಲಲು ಒಂದು ಮರದ ಹಲಗೆ ಮಾಡಿಸಿ, ಅದರ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸಿದೆ. ಹಲಗೆ ಅಗಲವಾಗಿರಲಿ. ಹೆಜ್ಜೆ ಹಿಂದಿಡುವಾಗ ಅಂಚಿನಿಂದ ಜಾರಿದರೆ ಬೇರೆಯದೇ ಅನಾಹುತ.

ಮುಂದಿನ ದೊಡ್ಡ ಕೆಲಸ ಬಂದದ್ದು ನಾಲ್ಕು ತಿಂಗಳ ಮೇಲೆ. 240 ಶರ್ಟ್, ಮತ್ತೆ ಕಪ್ಪಿನ ಮೇಲೆ ಬಿಳಿ. ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ, ಆದರೆ ಅದು ಕೈಯಿಂದಲ್ಲ, ಹೆದರಿಕೆಯಿಂದ. ಬೆಳಿಗ್ಗೆ ಇಂಕ್ ತಿರುವಿದೆ. ಬೇಸಿಗೆ ಒಂದು ಫ್ಲಡ್, ಒಂದು ನೂಕು, ಫ್ಲ್ಯಾಶ್, ಮತ್ತೆ ಒಂದು ಫ್ಲಡ್, ಒಂದು ನೂಕು. ಶರ್ಟಿಗೆ ಭಾರ ಬೀಳುವ ನೂಕು ಎರಡೇ, ಒಟ್ಟು 480. ಐವತ್ತು ಶರ್ಟಿಗೊಮ್ಮೆ ಜೊತೆಯವರೊಂದಿಗೆ ಜಾಗ ಅದಲುಬದಲು: ಅವರು ಸ್ಕ್ವೀಜಿಗೆ, ನಾನು ಶರ್ಟ್ ತೊಡಿಸಿ ತೆಗೆಯಲು. ಇದಕ್ಕೆ ಅವರು ಮೊದಲು ಒಪ್ಪಿರಲಿಲ್ಲ, ಕೈ ಬದಲಾದರೆ ಪ್ರಿಂಟ್ ಬದಲಾಗುತ್ತದೆ ಎಂಬ ಅಳುಕು. ಬಲದ ಮೇಲೆ ನಡೆಯುವ ಪ್ರಿಂಟ್ ಆದರೆ ಅದು ನಿಜ. ಇಬ್ಬರೂ ಮೆಶ್ ತಿಳಿಯಾಗುವಷ್ಟೇ ಒತ್ತಿದರೆ ಯಾವ ಶರ್ಟ್ ಯಾರದು ಎಂದು ಹೇಳಲು ಬರುವುದಿಲ್ಲ. ಆ ದಿನ ಎರಡು ಕಟ್ಟು ಬೆರೆಸಿ ಹುಡುಕಿದೆವು, ಇಬ್ಬರಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಮೆಶ್ ಮಂಜಾಗತೊಡಗಿತು. ನನ್ನ ಭುಜ ತಾನಾಗಿಯೇ ಮೇಲೇಳುತ್ತಿರುವುದು, ಹಳೆಯ ಬಲ ಹೊರಡಲು ಸಿದ್ಧವಾಗುತ್ತಿರುವುದು ನನಗೇ ತಿಳಿಯಿತು. ಸ್ಕ್ವೀಜಿ ಕೆಳಗಿಟ್ಟೆ. ನೋಡಿದರೆ ಸ್ಕ್ರೀನಿನ ಮೇಲೆ ಇಂಕ್ ಕಡಿಮೆಯಾಗಿ, ಫ್ಲಡ್ ಬಲಗಡೆಯ ಮೂಲೆ ಮುಟ್ಟುತ್ತಿರಲಿಲ್ಲ. ಎರಡು ಚಮಚೆ ಇಂಕ್ ಹಾಕಿದ ಮೇಲೆ ಮತ್ತೆ ಮೊದಲಿನಂತೆ ತಿಳಿಯಾಯಿತು.

ಸಂಜೆ ಕೊನೆಯ ಶರ್ಟನ್ನು ಒಳಹೊರಗು ಮಾಡಿ ನೋಡಿದೆ. ಒಳಗೆ ಬರೀ ಕಪ್ಪು. ಅಕ್ಕನಿಗೆ ಫೋಟೊ ಕಳಿಸಿದೆ. "ಮುಂಭಾಗದ್ದೂ ಕಳಿಸು" ಎಂದು ಉತ್ತರ ಬಂತು.

ರಾತ್ರಿಯ ಪಟ್ಟಿ ಈಗಲೂ ದಿಂಬಿನ ಪಕ್ಕದಲ್ಲೇ ಇದೆ, ದೊಡ್ಡ ಕೆಲಸದ ದಿನ ಕಟ್ಟಿಕೊಂಡೇ ಮಲಗುತ್ತೇನೆ. ಮೂರು ಗಂಟೆಗೆ ಎಚ್ಚರವಾಗುವುದು ನಿಂತಿದೆ. ತೋರುಬೆರಳಿನ ತುದಿ ಮಾತ್ರ ಮೊದಲಿನಷ್ಟು ಚುರುಕಾಗಿಲ್ಲ, ಕಾಗದದ ಮೇಲೆ ಆಡಿಸಿದರೆ ತೆಳುವಾದ ಬಟ್ಟೆ ಸುತ್ತಿದ ಹಾಗೆ ಅನ್ನಿಸುತ್ತದೆ. ನರ ನಿಧಾನಕ್ಕೆ ಚೇತರಿಸಿಕೊಳ್ಳುತ್ತದೆ, ಕಾಯಿರಿ ಎಂದಿದ್ದಾರೆ ವೈದ್ಯರು. ಫ್ಲ್ಯಾಶ್ ಆದ ಇಂಕ್ ಅಂಟುತ್ತದೆಯೋ ಇಲ್ಲವೋ ಎಂದು ಮುಟ್ಟಿ ನೋಡಲು ಸದ್ಯಕ್ಕೆ ಎಡಗೈಯನ್ನೇ ಚಾಚುತ್ತೇನೆ.